ಸೂತ್ರ ಗೊತ್ತು, ಆಕಾರ ಗೊತ್ತಿಲ್ಲ: ವಿಚಿತ್ರ ನಿರವಯವ ಸಂಯುಕ್ತಗಳ ರಚನೆ ಪತ್ತೆ ಮಾಡುವ ಬಗೆ

ಟೈಟಾನಿಯಂ ಡೈಆಕ್ಸೈಡ್, ಬೇರಿಯಂ ಪೆರಾಕ್ಸೈಡ್, ಪೊಟ್ಯಾಸಿಯಂ ಸೂಪರಾಕ್ಸೈಡ್. ಮೂರರ ಸೂತ್ರವೂ ಒಂದೇ ಥರ ಇದೆ: ಒಂದು ಲೋಹ, ಎರಡು ಆಕ್ಸಿಜನ್. ಒಳಗೆ ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಮೊದಲನೆಯದರಲ್ಲಿ ಆಕ್ಸಿಜನ್‌ಗಳ ನಡುವೆ ಬಂಧವೇ ಇಲ್ಲ. ಎರಡನೆಯದರಲ್ಲಿ ಅವು ಜೋಡಿಯಾಗಿವೆ, ನಡುವಿನ ದೂರ ಸುಮಾರು 1.49 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರ್‌ನ ಸಾವಿರ ಕೋಟಿಯಲ್ಲಿ ಒಂದು ಪಾಲು). ಮೂರನೆಯದರಲ್ಲೂ ಜೋಡಿಯೇ, ಆದರೆ ಇನ್ನಷ್ಟು ಹತ್ತಿರ, 1.3ರ ಆಸುಪಾಸು. ಅದರಲ್ಲಿ ಒಂದು ಒಂಟಿ ಎಲೆಕ್ಟ್ರಾನ್ ಕೂಡ ಇರುವುದರಿಂದ ಅದನ್ನು ಅಯಸ್ಕಾಂತ ಸೆಳೆಯುತ್ತದೆ.

ಸೂತ್ರ ಎಂದರೆ ಮನೆಯಲ್ಲಿ ಎಷ್ಟು ಜನ ಇದ್ದಾರೆ ಎನ್ನುವ ಎಣಿಕೆ. ಯಾರು ಯಾರ ಕೈ ಹಿಡಿದಿದ್ದಾರೆ ಅಂತ ಅದು ಹೇಳುವುದಿಲ್ಲ. ಅದನ್ನು ನಾವೇ ಹುಡುಕಬೇಕು.

ಬಹಳ ಜನ ಈ ಕೆಲಸವನ್ನು ತಲೆಕೆಳಗಾಗಿ ಮಾಡುತ್ತಾರೆ. ಸಿಕ್ಕ ಉಪಕರಣದಲ್ಲೆಲ್ಲ ಸ್ಯಾಂಪಲ್ ಹಾಕಿ, ರಾಶಿ ದತ್ತಾಂಶ ಗುಡ್ಡೆ ಹಾಕಿಕೊಂಡು, ಆಮೇಲೆ ಅದಕ್ಕೆ ಹೊಂದುವ ಚಿತ್ರ ಹುಡುಕುತ್ತಾರೆ. ಹಾಗೆ ಮಾಡಿದರೆ ಮೊದಲು ಹೊಳೆದ ಚಿತ್ರವೇ ಸರಿ ಅನ್ನಿಸಿಬಿಡುತ್ತದೆ. ನನ್ನ ಸಲಹೆ ಬೇರೆ: ಮೊದಲು ಕಾಗದದ ಮೇಲೆ ಎರಡು-ಮೂರು ರಚನೆ ಬರೆಯಿರಿ. ಅವು ಎಲ್ಲಿ ಬೇರೆ ಬೇರೆ ಉತ್ತರ ಕೊಡುತ್ತವೆ ಅಂತ ನೋಡಿ. ಆ ಜಾಗದಲ್ಲಿ ಮಾತ್ರ ಅಳೆಯಿರಿ.

ಸೂತ್ರವನ್ನೇ ಮೊದಲು ಅನುಮಾನಿಸಿ

ಧಾತು ವಿಶ್ಲೇಷಣೆ ಪೂರ್ತಿ ಆಗಿದೆಯಾ? ಕಾರ್ಬನ್, ಹೈಡ್ರೋಜನ್, ನೈಟ್ರೋಜನ್ ಮೂರನ್ನು ಅಳೆದು, ಉಳಿದದ್ದೆಲ್ಲ ಲೋಹ ಅಂತ ಬಿಟ್ಟರೆ ನಿರವಯವ ಸಂಯುಕ್ತಗಳಲ್ಲಿ ಸಾಲದು. ಲೋಹವನ್ನೂ ಅಳೆಯಿರಿ, ಹ್ಯಾಲೊಜನ್ ಇದ್ದರೆ ಅದನ್ನೂ ಅಳೆಯಿರಿ. ಎಲ್ಲ ಸೇರಿ ನೂರಕ್ಕೆ ಎಷ್ಟು ಕಮ್ಮಿ ಬರುತ್ತದೆ ನೋಡಿ. ಸಾಮಾನ್ಯವಾಗಿ ಆ ಕಮ್ಮಿ ಬಿದ್ದ ಭಾಗ ಆಕ್ಸಿಜನ್ ಅಥವಾ ನೀರು.

ಫ್ಲೋರೈಡ್ ಜೊತೆ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಹೈಡ್ರೋಜನ್ ಫ್ಲೋರೈಡ್ ಗಾಜನ್ನು ತಿನ್ನುತ್ತದೆ. ನೀವು ಬೋರಾನನ್ನಾಗಲಿ ಸಿಲಿಕಾನನ್ನಾಗಲಿ ಹಾಕಿಯೇ ಇರುವುದಿಲ್ಲ. ಆದರೂ ಹರಳಿನಲ್ಲಿ ಟೆಟ್ರಾಫ್ಲೋರೋಬೋರೇಟ್ ಅಥವಾ ಹೆಕ್ಸಾಫ್ಲೋರೋಸಿಲಿಕೇಟ್ ಬಂದು ಕೂತಿರಬಹುದು. "ಹೊಸ ಅಯಾನು" ಅಂತ ಕುಣಿಯುವ ಮುಂಚೆ ಪಾತ್ರೆ ಯಾವುದರದ್ದು ಅಂತ ಕೇಳಿಕೊಳ್ಳಿ.

ಅಂದ ಹಾಗೆ, ವಿಚಿತ್ರ ಸಂಯುಕ್ತಗಳಲ್ಲಿ ಸಿಡಿಯುವಂಥವು ಜಾಸ್ತಿ. ಕ್ಸೆನಾನ್ ಟ್ರೈಆಕ್ಸೈಡ್, ಟೆಟ್ರಾಸಲ್ಫರ್ ಟೆಟ್ರಾನೈಟ್ರೈಡ್ ಎರಡೂ ಆ ಜಾತಿಯವು. ಗುರುತು ಪೂರ್ತಿ ಸಿಗುವವರೆಗೆ ಮಿಲಿಗ್ರಾಂ ಲೆಕ್ಕದಲ್ಲೇ ಇರಿ. ಒಣಗಿದ ಪುಡಿಯನ್ನು ಅರೆಯಬೇಡಿ.

ಎಲೆಕ್ಟ್ರಾನ್ ಲೆಕ್ಕ

ಈಗ ಪೆನ್ಸಿಲ್ ತೆಗೆದುಕೊಂಡು ಆಕ್ಸಿಡೇಶನ್ ಸಂಖ್ಯೆ ಹಾಕಿ, ಅಂದರೆ ಪ್ರತಿ ಪರಮಾಣು ಎಷ್ಟು ಎಲೆಕ್ಟ್ರಾನ್ ಬಿಟ್ಟುಕೊಟ್ಟಿದೆ (ಪ್ಲಸ್) ಅಥವಾ ಪಡೆದಿದೆ (ಮೈನಸ್) ಎಂಬ ಲೆಕ್ಕ. ಭಿನ್ನರಾಶಿ ಬಂದರೆ, ಅಥವಾ ಆ ಧಾತುವಿಗೆ ಒಗ್ಗದ ಸಂಖ್ಯೆ ಬಂದರೆ, ಅಲ್ಲೇ ಏನೋ ಅಡಗಿದೆ ಎಂದರ್ಥ.

ಮೂರು ಸೀಸಕ್ಕೆ ನಾಲ್ಕು ಆಕ್ಸಿಜನ್ ಇರುವ ಕೆಂಪು ಸೀಸದಲ್ಲಿ ಎರಡು ಸೀಸ ಪ್ಲಸ್ 2, ಒಂದು ಪ್ಲಸ್ 4. ಥಾಲಿಯಂ ಟ್ರೈಅಯೊಡೈಡ್ ನೋಡಿದರೆ ಥಾಲಿಯಂ ಪ್ಲಸ್ 3 ಅನ್ನಿಸುತ್ತದೆ. ನಿಜಕ್ಕೂ ಅದು ಪ್ಲಸ್ 1. ಮೂರು ಅಯೊಡಿನ್ ಸೇರಿ ಒಂದೇ ಉದ್ದನೆಯ ಋಣ ಅಯಾನು ಆಗಿವೆ. ಒಂದು ಸೀಸಿಯಂ, ಒಂದು ಚಿನ್ನ, ಮೂರು ಕ್ಲೋರಿನ್ ಇರುವ ಕಪ್ಪು ಹರಳಿನಲ್ಲಿ ಚಿನ್ನ ಪ್ಲಸ್ 2 ಇರಬೇಕು ಎನ್ನುತ್ತದೆ ಲೆಕ್ಕ. ಪ್ಲಸ್ 2 ಚಿನ್ನದಲ್ಲಿ ಒಂಟಿ ಎಲೆಕ್ಟ್ರಾನ್ ಇರಬೇಕಿತ್ತು, ಆದರೆ ಅಳೆದರೆ ಇಲ್ಲ. ಅರ್ಧದಷ್ಟು ಚಿನ್ನ ಪ್ಲಸ್ 1 ಆಗಿ ಎರಡು ಕ್ಲೋರಿನ್ ನಡುವೆ ನೇರ ಗೆರೆಯಲ್ಲಿ ಕೂತಿದೆ. ಉಳಿದರ್ಧ ಪ್ಲಸ್ 3 ಆಗಿ ನಾಲ್ಕು ಕ್ಲೋರಿನ್‌ಗಳ ಚೌಕದಲ್ಲಿದೆ.

ಗ್ಯಾಲಿಯಂ ಡೈಕ್ಲೋರೈಡ್ ಈ ವಿಧಾನ ಕಲಿಯಲು ಹೇಳಿ ಮಾಡಿಸಿದ ಉದಾಹರಣೆ. ಸೂತ್ರದ ಪ್ರಕಾರ ಗ್ಯಾಲಿಯಂ ಪ್ಲಸ್ 2. ಮೂರು ಸಾಧ್ಯತೆ ಬರೆಯೋಣ. ಒಂದು: ನಿಜವಾಗಿಯೂ ಪ್ಲಸ್ 2 ಇರುವ ಬಿಡಿ ಗ್ಯಾಲಿಯಂ. ಎರಡು: ಎರಡು ಗ್ಯಾಲಿಯಂ ಪರಸ್ಪರ ಬಂಧ ಮಾಡಿಕೊಂಡ ಜೋಡಿ. ಮೂರು: ಪ್ಲಸ್ 1 ಗ್ಯಾಲಿಯಂ ಧನ ಅಯಾನು, ಪ್ಲಸ್ 3 ಗ್ಯಾಲಿಯಂ ನಾಲ್ಕು ಕ್ಲೋರಿನ್ ಕಟ್ಟಿಕೊಂಡ ಋಣ ಅಯಾನು, ಅಂದರೆ ಒಂದು ಲವಣ.

ಕಾಂತೀಯ ಅಳತೆ ಮಾಡಿದರೆ ಒಂಟಿ ಎಲೆಕ್ಟ್ರಾನ್ ಇಲ್ಲ. ಮೊದಲನೆಯದು ಹೋಯಿತು. ಉಳಿದೆರಡರ ನಡುವೆ ತೀರ್ಪು ಕೊಡಲು ಕಾಂತೀಯ ಅಳತೆಗೆ ಆಗುವುದಿಲ್ಲ, ಯಾಕೆಂದರೆ ಎರಡರಲ್ಲೂ ಎಲೆಕ್ಟ್ರಾನ್ ಜೋಡಿಯಾಗಿಯೇ ಇವೆ. ಅದನ್ನೇ ಇನ್ನೂ ನಿಖರವಾಗಿ ಅಳೆದು ಕೂತರೆ ಸುಮ್ನೆ ಹೊತ್ತು ಹಾಳು. ಇವೆರಡೂ ಎಲ್ಲಿ ಬೇರೆಯಾಗುತ್ತವೆ? ಲವಣವಾದರೆ ಕರಗಿಸಿದಾಗ ವಿದ್ಯುತ್ ಹರಿಯಬೇಕು. ಚದುರಿದ ಬೆಳಕಿನಿಂದ ಬಂಧಗಳ ಕಂಪನ ಓದುವ ರಾಮನ್ ರೋಹಿತದಲ್ಲಿ ಚತುರ್ಮುಖಿ ಟೆಟ್ರಾಕ್ಲೋರೋಗ್ಯಾಲೇಟ್ ಅಯಾನಿನ ಗೆರೆಗಳು ಕಾಣಬೇಕು. ಎರಡೂ ಕಾಣುತ್ತವೆ. ಅಲ್ಲಿಗೆ ಅದು ಲವಣ. ಸ್ವಾರಸ್ಯ ಏನೆಂದರೆ, ಅದಕ್ಕೆ ಡೈಆಕ್ಸೇನ್ ಸೇರಿಸಿದರೆ ಗ್ಯಾಲಿಯಂಗಳ ನಡುವೆ ಬಂಧವಿರುವ ಎರಡನೇ ರೂಪವೂ ಸಿಗುತ್ತದೆ! ಹಾಗಾಗಿ ತಿರಸ್ಕರಿಸಿದ ಚಿತ್ರವನ್ನು ಹರಿದು ಎಸೆಯಬೇಡಿ.

ಘನವೋ, ಅನಿಲವೋ?

ರಂಜಕದ ಪೆಂಟಾಕ್ಲೋರೈಡ್ ಆವಿಯಲ್ಲಿ ಐದು ಕ್ಲೋರಿನ್ ಕಟ್ಟಿಕೊಂಡ ಬಿಡಿ ಅಣು. ಘನದಲ್ಲಿ ಅದು ನಾಲ್ಕು ಕ್ಲೋರಿನ್‌ನ ಧನ ಅಯಾನು ಮತ್ತು ಆರು ಕ್ಲೋರಿನ್‌ನ ಋಣ ಅಯಾನು. ಪೆಂಟಾಬ್ರೋಮೈಡ್ ಕೂಡ ಘನದಲ್ಲಿ ಒಡೆಯುತ್ತದೆ, ಆದರೆ ಬೇರೆ ರೀತಿ: ನಾಲ್ಕು ಬ್ರೋಮಿನ್‌ನ ಧನ ಅಯಾನು ಮತ್ತು ಒಂಟಿ ಬ್ರೋಮೈಡ್. ರಂಜಕದ ಸುತ್ತ ಆರು ದಪ್ಪ ಬ್ರೋಮಿನ್ ಹಿಡಿಸುವುದು ಕಷ್ಟ. ಡೈನೈಟ್ರೋಜನ್ ಪೆಂಟಾಕ್ಸೈಡ್ ಘನದಲ್ಲಿ ನೈಟ್ರೋನಿಯಂ ನೈಟ್ರೇಟ್. ಆದ್ದರಿಂದ "ಇದರ ರಚನೆ ಏನು" ಎಂಬ ಪ್ರಶ್ನೆ ಅರ್ಧ ಪ್ರಶ್ನೆ ಮಾತ್ರ. ಯಾವ ಸ್ಥಿತಿಯಲ್ಲಿ, ಯಾವ ದ್ರಾವಕದಲ್ಲಿ ಅಂತಲೂ ಸೇರಿಸಿ.

ಸಾಧ್ಯತೆಗಳನ್ನು ಬರೆಯುವುದು

ಮುಖ್ಯ ಗುಂಪಿನ ಬಿಡಿ ಅಣುವಾದರೆ ವಿಎಸ್‌ಇಪಿಆರ್‌ನಿಂದ ಶುರು ಮಾಡಿ, ಅಂದರೆ ಎಲೆಕ್ಟ್ರಾನ್ ಜೋಡಿಗಳು ಒಂದನ್ನೊಂದು ದೂಡಿ ಆದಷ್ಟು ದೂರ ಕೂರುತ್ತವೆ ಎಂಬ ನಿಯಮ. ಕ್ಸೆನಾನ್ ಟೆಟ್ರಾಫ್ಲೋರೈಡ್: ಕ್ಸೆನಾನ್‌ನ 8, ಫ್ಲೋರಿನ್‌ಗಳಿಂದ 4, ಒಟ್ಟು 12 ಎಲೆಕ್ಟ್ರಾನ್, ಅಂದರೆ 6 ಜೋಡಿ. ನಾಲ್ಕು ಬಂಧಕ್ಕೆ, ಎರಡು ಒಂಟಿ ಜೋಡಿ, ಅಂದರೆ ಯಾವ ಬಂಧಕ್ಕೂ ಸೇರದವು. ಒಂಟಿ ಜೋಡಿಗಳು ಎದುರುಬದುರು ಕೂತರೆ ಉಳಿಯುವುದು ಚಪ್ಪಟೆ ಚೌಕ. ಸರಿಯಾದ ಉತ್ತರ. ಆದರೆ ಈ ನಿಯಮವನ್ನು ಕಣ್ಣುಮುಚ್ಚಿ ನಂಬಬೇಡಿ. ಟೆಲ್ಲೂರಿಯಂಗೆ ಆರು ಕ್ಲೋರಿನ್, ಎರಡು ಋಣ ವಿದ್ಯುದಂಶ ಇರುವ ಅಯಾನಿನಲ್ಲಿ ಒಂದು ಒಂಟಿ ಜೋಡಿ ಇದ್ದರೂ ಆಕಾರ ಸೊಟ್ಟ ಆಗುವುದಿಲ್ಲ, ನೀಟಾದ ಅಷ್ಟಮುಖಿ. ಟಂಗ್‌ಸ್ಟನ್‌ಗೆ ಆರು ಮೀಥೈಲ್ ಇರುವ ಅಣು ಅಷ್ಟಮುಖಿ ಇರಬೇಕಿತ್ತು, ಅದು ತ್ರಿಕೋನ ಪ್ರಿಸಂ.

ಬೋರಾನ್ ಮತ್ತು ಹೈಡ್ರೋಜನ್ ಸಂಯುಕ್ತಗಳಿಗೆ ಸಾಮಾನ್ಯ ಬಂಧದ ಗೆರೆ ಎಳೆಯಲು ಹೋದರೆ ಎಲೆಕ್ಟ್ರಾನ್ ಸಾಲುವುದಿಲ್ಲ. ಡೈಬೋರೇನ್‌ನಲ್ಲೇ ಈಥೇನ್ ಥರ ಬರೆಯಲು 14 ಬೇಕು, ಇರುವುದು 12. ಎರಡು ಹೈಡ್ರೋಜನ್‌ಗಳು ಎರಡು ಬೋರಾನ್ ನಡುವೆ ಸೇತುವೆಯಾಗಿ ಕೂರುವುದು ಅದಕ್ಕೇ. ದೊಡ್ಡ ಬೋರೇನ್‌ಗಳಿಗೆ (ಬೋರಾನ್-ಹೈಡ್ರೋಜನ್ ಸಂಯುಕ್ತಗಳಿಗೆ) ಎಲೆಕ್ಟ್ರಾನ್ ಜೋಡಿ ಎಣಿಸಿ ಗೂಡಿನ ಆಕಾರ ಹೇಳುವ ವೇಡ್ ನಿಯಮ ಬಳಸಿ. ಐದು ಬೋರಾನ್, ಒಂಬತ್ತು ಹೈಡ್ರೋಜನ್ ಇರುವುದನ್ನು ತೆಗೆದುಕೊಳ್ಳಿ. ಪ್ರತಿ ಬೋರಾನ್‌ಗೆ ಒಂದು ಹೈಡ್ರೋಜನ್ ಕಟ್ಟಿ. ಅಂಥ ಐದು ತುಂಡು, ಪ್ರತಿಯೊಂದೂ ಗೂಡಿಗೆ 2 ಎಲೆಕ್ಟ್ರಾನ್ ಕೊಡುತ್ತದೆ, ಒಟ್ಟು 10. ಮಿಕ್ಕ ನಾಲ್ಕು ಹೈಡ್ರೋಜನ್‌ನಿಂದ 4. ಒಟ್ಟು 14, ಅಂದರೆ 7 ಜೋಡಿ. ಬೋರಾನ್ ಸಂಖ್ಯೆಗಿಂತ ಜೋಡಿ ಎರಡು ಹೆಚ್ಚು. ಅದರರ್ಥ, ಆರು ಮೂಲೆಯ ಅಷ್ಟಮುಖಿಯಿಂದ ಒಂದು ಮೂಲೆ ಕಿತ್ತ ಆಕಾರ: ಚೌಕ ತಳದ ಪಿರಮಿಡ್. ಎಕ್ಸ್-ರೇ ಹೇಳುವುದೂ ಅದನ್ನೇ. ಇಷ್ಟು ಕಮ್ಮಿ ಶ್ರಮಕ್ಕೆ ಇಷ್ಟು ಚೆನ್ನಾಗಿ ಫಲ ಕೊಡುವ ಲೆಕ್ಕ ನಿರವಯವ ರಸಾಯನಶಾಸ್ತ್ರದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಸಂಕ್ರಮಣ ಲೋಹಕ್ಕೆ ಕಾರ್ಬನ್ ಮಾನಾಕ್ಸೈಡ್, ಹೈಡ್ರೈಡ್‌ನಂಥವು (ಹೈಡ್ರೈಡ್ ಎಂದರೆ ಲೋಹಕ್ಕೆ ನೇರ ಕಟ್ಟಿದ ಹೈಡ್ರೋಜನ್) ಕಟ್ಟಿಕೊಂಡಿದ್ದರೆ ಲೋಹದ ಸುತ್ತ ಒಟ್ಟು 18 ಹೊರ ಎಲೆಕ್ಟ್ರಾನ್ ಆಗುತ್ತವೆಯಾ ಅಂತ ಎಣಿಸಿ, ಅಂಥವು ಸಾಮಾನ್ಯವಾಗಿ ಆ ಸಂಖ್ಯೆಗೆ ನಿಲ್ಲುತ್ತವೆ. ಬರೀ ಕ್ಲೋರಿನ್, ನೀರು ಇದ್ದರೆ ಆ ಎಣಿಕೆಯಿಂದ ಅಷ್ಟೇನೂ ಉಪಯೋಗವಿಲ್ಲ.

ಅಗ್ಗದ ಪ್ರಶ್ನೆ ಮೊದಲು

ಆಲ್ಫ್ರೆಡ್ ವೆರ್ನರ್ 1893ರಲ್ಲಿ ಸಂಕೀರ್ಣ ಸಂಯುಕ್ತಗಳ ಸಿದ್ಧಾಂತ ಮುಂದಿಟ್ಟಾಗ ಹರಳಿನ ಎಕ್ಸ್-ರೇ ಎಂಬುದು ಇರಲೇ ಇಲ್ಲ. ಅವರ ಕಾಲದಲ್ಲಿ ಕೈಗೆ ಸಿಗುತ್ತಿದ್ದ ಸಾಧನ ಸಿಲ್ವರ್ ನೈಟ್ರೇಟ್, ವಿದ್ಯುತ್ ವಾಹಕತೆ, ಮತ್ತು ಐಸೋಮರ್ (ಸೂತ್ರ ಒಂದೇ, ಜೋಡಣೆ ಬೇರೆ ಇರುವ ರೂಪ) ಎಣಿಕೆ. ಕೋಬಾಲ್ಟ್ ಟ್ರೈಕ್ಲೋರೈಡ್‌ಗೆ ಆರು ಅಮೋನಿಯಾ ಇದ್ದರೆ ಸಿಲ್ವರ್ ನೈಟ್ರೇಟ್ ಹಾಕಿದಾಗ ಮೂರೂ ಕ್ಲೋರೈಡ್ ಬಿಳಿ ಗಷ್ಟಾಗಿ ಬೀಳುತ್ತವೆ. ಐದು ಇದ್ದರೆ ಎರಡು, ನಾಲ್ಕು ಇದ್ದರೆ ಒಂದೇ. ಬೀಳದೇ ಉಳಿದವು ಲೋಹಕ್ಕೆ ನೇರವಾಗಿ ಕಟ್ಟಿಕೊಂಡಿವೆ. ಇನ್ನು ಆಕಾರ: ನಾಲ್ಕು ಅಮೋನಿಯಾ, ಎರಡು ಕ್ಲೋರಿನ್ ಇರುವ ಅಯಾನು ಚಪ್ಪಟೆ ಷಟ್ಕೋನವಾದರೆ ಮೂರು ಐಸೋಮರ್, ತ್ರಿಕೋನ ಪ್ರಿಸಂ ಆದರೂ ಮೂರು, ಅಷ್ಟಮುಖಿಯಾದರೆ ಎರಡು. ಸಿಕ್ಕಿದ್ದು ಎರಡೇ. ಮೂರನೆಯದು ಸಿಗಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದಲ್ಲ, ಅಲ್ವಾ? ಅದು ವೆರ್ನರ್ ಅವರಿಗೂ ಗೊತ್ತಿತ್ತು. ಆದ್ದರಿಂದಲೇ ಮುಂದೆ ಅಷ್ಟಮುಖಿಯಲ್ಲಿ ಮಾತ್ರ ಬರಬಹುದಾದ ಎಡ-ಬಲ ಕನ್ನಡಿ ರೂಪಗಳನ್ನು ಬೇರ್ಪಡಿಸಿ ತೋರಿಸಿದರು. 1913ರಲ್ಲಿ ನೊಬೆಲ್ ಬಂತು.

ಈಗಿನ ಅಗ್ಗದ ಪ್ರಶ್ನೆ ಎನ್‌ಎಂಆರ್, ಅಂದರೆ ಬಲವಾದ ಕಾಂತಕ್ಷೇತ್ರದಲ್ಲಿ ಪರಮಾಣು ಕೇಂದ್ರಗಳು ಕೊಡುವ ಸಂಕೇತ ಓದುವುದು. ಫ್ಲೋರಿನ್-19 ಮತ್ತು ರಂಜಕ-31 ಎರಡೂ ಪ್ರಕೃತಿಯಲ್ಲಿ ನೂರಕ್ಕೆ ನೂರು, ಸ್ಪಿನ್ ಅರ್ಧ (ಗೆರೆ ಚೂಪಾಗಿ ಬರಲು ತಕ್ಕ ಗುಣ). ಅವು ಇದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ನಾಲ್ಕು ರಂಜಕ, ಮೂರು ಗಂಧಕ ಇರುವ ಹಳದಿ ಸಂಯುಕ್ತವನ್ನು ನೋಡಿ. ರಂಜಕದ ರೋಹಿತದಲ್ಲಿ ಎರಡು ಗುಂಪು ಕಾಣುತ್ತವೆ. ಒಂದು ಡಬ್ಲೆಟ್, ಅಂದರೆ ಎರಡಾಗಿ ಸೀಳಿದ ಗೆರೆ. ಇನ್ನೊಂದು ಕ್ವಾರ್ಟೆಟ್, ನಾಲ್ಕಾಗಿ ಸೀಳಿದ್ದು. ವಿಸ್ತೀರ್ಣ 3ಕ್ಕೆ 1. ಮೂರು ರಂಜಕ ಒಂದೇ ಥರ, ಒಂದು ಬೇರೆ. ಆ ಮೂರನ್ನು ಒಂಟಿ ರಂಜಕ ಎರಡಾಗಿ ಸೀಳುತ್ತದೆ, ಒಂಟಿಯನ್ನು ಆ ಮೂರು ಸೇರಿ ನಾಲ್ಕಾಗಿ ಸೀಳುತ್ತವೆ. ಕೆಳಗೆ ಮೂರು ರಂಜಕದ ತ್ರಿಕೋನ, ಮೇಲೆ ಒಂದು ರಂಜಕ, ನಡುವೆ ಮೂರು ಗಂಧಕದ ಕಂಬ. ಒಂದೇ ರೋಹಿತದಿಂದ ಗೂಡಿನ ಚಿತ್ರ ಬಹುಪಾಲು ಬಂದುಬಿಟ್ಟಿತು.

ಆದರೆ ಎನ್‌ಎಂಆರ್ ನಿಧಾನದ ಕಣ್ಣು. ಅಣು ತನ್ನೊಳಗೇ ಬೇಗ ಬೇಗ ಜಾಗ ಬದಲಿಸುತ್ತಿದ್ದರೆ ಸರಾಸರಿಯಷ್ಟೇ ಕಾಣುತ್ತದೆ. ರಂಜಕದ ಪೆಂಟಾಫ್ಲೋರೈಡ್‌ನಲ್ಲಿ ಮೇಲೆ-ಕೆಳಗಿನ ಎರಡು ಫ್ಲೋರಿನ್ ಬೇರೆ, ಸುತ್ತಲಿನ ಮೂರು ಬೇರೆ. ಆದರೂ ಫ್ಲೋರಿನ್ ರೋಹಿತದಲ್ಲಿ ಒಂದೇ ಡಬ್ಲೆಟ್. ಆ ಸೀಳು ರಂಜಕದಿಂದ ಬಂದದ್ದು. ಫ್ಲೋರಿನ್ ಕಿತ್ತುಹೋಗಿ ಮತ್ತೆ ಅಂಟಿಕೊಳ್ಳುತ್ತಿದ್ದರೆ ಅದು ಅಳಿಸಿಹೋಗುತ್ತಿತ್ತು. ಅದು ಉಳಿದಿದೆ ಎಂದರೆ ಬಂಧ ಮುರಿಯದೆಯೇ ಅದಲುಬದಲು ನಡೆಯುತ್ತಿದೆ. ಗಂಧಕದ ಟೆಟ್ರಾಫ್ಲೋರೈಡನ್ನು ಚೆನ್ನಾಗಿ ತಣಿಸಿದರೆ ಎರಡು ಟ್ರಿಪ್ಲೆಟ್ ಬಿಡಿಬಿಡಿಯಾಗಿ ಕಾಣುತ್ತವೆ. ಹಾಗಾಗಿ ಒಂದೇ ಗೆರೆ ಬಂದರೆ ತಣಿಸಿ ನೋಡದೆ "ಎಲ್ಲ ಒಂದೇ ಥರ" ಅಂತ ಬರೆಯಬೇಡಿ.

ಐಆರ್, ಅಂದರೆ ಅತಿಗೆಂಪು ಬೆಳಕಿನಿಂದ ಬಂಧಗಳ ಕಂಪನ ನೋಡುವುದು, ವೇಗದ ಕಣ್ಣು. ಬಿಡಿ ಕಾರ್ಬನ್ ಮಾನಾಕ್ಸೈಡ್ 2143 ವೇವ್‌ನಂಬರ್‌ನಲ್ಲಿ (ಕಂಪನದ ಅಳತೆಮಾನ) ಕಂಪಿಸುತ್ತದೆ. ತಟಸ್ಥ ಲೋಹ ಕಾರ್ಬೊನೈಲ್‌ನಲ್ಲಿ (ಲೋಹ ಮತ್ತು ಕಾರ್ಬನ್ ಮಾನಾಕ್ಸೈಡ್‌ನ ಸಂಯುಕ್ತದಲ್ಲಿ) ಅದು ಒಂದೇ ಲೋಹಕ್ಕೆ ಕಟ್ಟಿಕೊಂಡಿದ್ದರೆ ಸಾಮಾನ್ಯವಾಗಿ 1850ರ ಮೇಲೆ, ಎರಡು ಲೋಹಗಳ ನಡುವೆ ಸೇತುವೆಯಾದರೆ ಅದಕ್ಕಿಂತ ಕೆಳಗೆ. ಈ ಗಡಿಯನ್ನು ಅಯಾನುಗಳಿಗೆ ಹಚ್ಚಬೇಡಿ. ಒಂದು ಕಬ್ಬಿಣಕ್ಕೆ ನಾಲ್ಕು ಕಾರ್ಬೊನೈಲ್, ಎರಡು ಋಣ ವಿದ್ಯುದಂಶ ಇರುವಲ್ಲಿ ಸೇತುವೆಯೇ ಸಾಧ್ಯವಿಲ್ಲ, ಆದರೂ ಗೆರೆ 1790ರ ಹತ್ತಿರ ಬರುತ್ತದೆ.

ಕಾಣದ ಹೈಡ್ರೋಜನ್: ರೀನಿಯಂ ಕಥೆ

ಇಡೀ ವಿಧಾನವನ್ನು ಒಂದೇ ಕಡೆ ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ರೀನಿಯಂ ಮತ್ತು ಆಕ್ಸಿಜನ್ ಇರುವ ಪರ್ರೀನೇಟ್ ಅಯಾನನ್ನು ಬಲವಾಗಿ ಅಪಕರ್ಷಿಸಿದರೆ (ಅಂದರೆ ಎಲೆಕ್ಟ್ರಾನ್ ಕೊಟ್ಟರೆ) ಸಿಗುವ ವಸ್ತುವಿನಲ್ಲಿ ರೀನಿಯಂ ಮೈನಸ್ 1 ಇದೆ ಅಂತ 1930ರ ದಶಕದಲ್ಲಿ ಟೈಟ್ರೇಶನ್ ಲೆಕ್ಕ ಹೇಳಿತು. ಅದಕ್ಕೆ ರೀನೈಡ್ ಎಂಬ ಹೆಸರೂ ಬಂತು. ಮುಂದೆ ಘನ ವಸ್ತುವಿಗೆ ಒಂದು ಪೊಟ್ಯಾಸಿಯಂ, ಒಂದು ರೀನಿಯಂ, ನಾಲ್ಕು ನೀರು ಅಂತ ಸೂತ್ರ ಕೊಟ್ಟರು. ಲೋಹ ಮೈನಸ್ 1 ಎಂದ ಕೂಡಲೇ ಹುಬ್ಬೇರಬೇಕು.

ನಂತರ ಐಆರ್ ತೆಗೆದಾಗ 1800-1900ರ ನಡುವೆ ಒಂದು ಗೆರೆ ಕಂಡಿತು. ನೀರಿನ ಗೆರೆಗಳು ಅಲ್ಲಿ ಬರುವುದಿಲ್ಲ, ಲೋಹ-ಹೈಡ್ರೋಜನ್ ಬಂಧದ್ದು ಬರುತ್ತದೆ. ಇಂಥ ಗೆರೆ ನಿಮಗೂ ಸಿಕ್ಕರೆ ಹೈಡ್ರೋಜನ್ ಬದಲು ಅದರ ಭಾರದ ರೂಪವಾದ ಡ್ಯೂಟೀರಿಯಂ ಹಾಕಿ ಅದೇ ವಸ್ತು ಮಾಡಿ. ಹೈಡ್ರೋಜನ್ ಗೆರೆಯಾದರೆ ಸುಮಾರು 1.4ರಿಂದ ಭಾಗಿಸಿದ ಜಾಗಕ್ಕೆ ಜಾರುತ್ತದೆ. ಜಾರದಿದ್ದರೆ ಅದು ಬೇರೆ ಏನೋ. ಪ್ರೋಟಾನ್ ಎನ್‌ಎಂಆರ್‌ನಲ್ಲೂ ಹೈಡ್ರೈಡ್‌ಗೆ ತಕ್ಕ ಜಾಗದಲ್ಲಿ ಗೆರೆ ಬಂತು.

ಸರಿ, ಹೈಡ್ರೈಡ್ ಇದೆ. ಎಷ್ಟು? ಎರಡು ಪೊಟ್ಯಾಸಿಯಂ, ಒಂದು ರೀನಿಯಂ, ಎಂಟು ಹೈಡ್ರೋಜನ್ ಎಂಬ ಸೂತ್ರವೂ ಬಂತು. ಅದು ನಿಜವಾದರೆ ರೀನಿಯಂ ಪ್ಲಸ್ 6, ಒಂದು ಒಂಟಿ ಎಲೆಕ್ಟ್ರಾನ್ ಇರಲೇಬೇಕು. ವಸ್ತುವಿನಲ್ಲಿ ಅದು ಇಲ್ಲ. ಒಂದು ಹೈಡ್ರೋಜನ್ ಸೇರಿಸಿ ಒಂಬತ್ತು ಮಾಡಿ ನೋಡಿ: ರೀನಿಯಂ ಪ್ಲಸ್ 7, ಒಂಟಿ ಎಲೆಕ್ಟ್ರಾನ್ ಇಲ್ಲ. ಎಣಿಕೆ ರೀನಿಯಂನ 7, ಹೈಡ್ರೋಜನ್‌ಗಳ 9, ಋಣ ವಿದ್ಯುದಂಶದ 2, ಒಟ್ಟು 18. ಎಂಟಕ್ಕೂ ಒಂಬತ್ತಕ್ಕೂ ತೂಕದಲ್ಲಿ ಇರುವ ವ್ಯತ್ಯಾಸ ಧಾತು ವಿಶ್ಲೇಷಣೆಯಲ್ಲಿ ಗುರುತಿಸಲು ಆಗದಷ್ಟು ಸಣ್ಣದು. ಇಲ್ಲಿ ತಕ್ಕಡಿ ಸೋಲುತ್ತದೆ, ಅಯಸ್ಕಾಂತ ಗೆಲ್ಲುತ್ತದೆ.

ಕೊನೆಗೆ 1964ರಲ್ಲಿ ಎಕ್ಸ್-ರೇ ಮತ್ತು ನ್ಯೂಟ್ರಾನ್ ಚದುರಿಕೆಯಿಂದ ಚಿತ್ರ ಸಿಕ್ಕಿತು. ಆರು ಹೈಡ್ರೋಜನ್ ತ್ರಿಕೋನ ಪ್ರಿಸಂನ ಮೂಲೆಗಳಲ್ಲಿ, ಮೂರು ಅದರ ಮೂರು ಚೌಕ ಮುಖಗಳ ಎದುರು. ನ್ಯೂಟ್ರಾನ್ ಯಾಕೆ ಬೇಕಾಯಿತು? ಎಕ್ಸ್-ರೇಗೆ ಕಾಣುವುದು ಎಲೆಕ್ಟ್ರಾನ್. ರೀನಿಯಂ ಹತ್ತಿರ 75, ಹೈಡ್ರೋಜನ್ ಹತ್ತಿರ 1. ನ್ಯೂಟ್ರಾನ್‌ಗೆ ಆ ತಾರತಮ್ಯವಿಲ್ಲ. ಅದರ ಚದುರಿಕೆಯ ಅಳತೆ ಹೈಡ್ರೋಜನ್‌ಗೆ ಮೈನಸ್ 3.74 ಫೆಮ್ಟೋಮೀಟರ್, ಡ್ಯೂಟೀರಿಯಂಗೆ ಪ್ಲಸ್ 6.67. ಎರಡೂ ಚೆನ್ನಾಗಿಯೇ ಕಾಣುತ್ತವೆ. ಅಂದ ಹಾಗೆ ಈ ಅಯಾನಿನಲ್ಲಿ ಹೈಡ್ರೋಜನ್ ಎರಡು ಬಗೆ ಇದ್ದರೂ ಎನ್‌ಎಂಆರ್‌ನಲ್ಲಿ ಒಂದೇ ಗೆರೆ. ಮೇಲೆ ಹೇಳಿದ ನಿಧಾನದ ಕಣ್ಣಿನ ಸಮಸ್ಯೆ ಅದೇ.

ಎಕ್ಸ್-ರೇ ಬಂದ ಮೇಲೂ ನಿಲ್ಲಬೇಡಿ

ಹರಳಿನ ಎಕ್ಸ್-ರೇ ಚಿತ್ರ ಬಂದರೆ ಕೆಲಸ ಮುಗಿಯಿತು ಎಂಬ ಭಾವನೆ ಇದೆ. ಅದು ಅಣುವಿನ ಫೋಟೋ ಅಲ್ಲ. ಕೋಟ್ಯಂತರ ಘಟಕಗಳ ಸರಾಸರಿ ಎಲೆಕ್ಟ್ರಾನ್ ಸಾಂದ್ರತೆಗೆ ನಾವು ಹೊಂದಿಸಿದ ಮಾದರಿ.

ಮಾಲಿಬ್ಡಿನಂಗೆ ಒಂದು ಆಕ್ಸಿಜನ್, ಎರಡು ಕ್ಲೋರಿನ್, ಮೂರು ಫಾಸ್ಫೀನ್ (ರಂಜಕದ ಮೂಲಕ ಕಟ್ಟಿಕೊಳ್ಳುವ ಅಣು) ಇರುವ ಸಂಯುಕ್ತ ನೀಲಿ ಮತ್ತು ಹಸಿರು ಎರಡು ಬಣ್ಣದಲ್ಲಿ ಸಿಗುತ್ತಿತ್ತು. ನೀಲಿಯಲ್ಲಿ ಮಾಲಿಬ್ಡಿನಂ-ಆಕ್ಸಿಜನ್ ದೂರ ಸುಮಾರು 1.68 ಆಂಗ್‌ಸ್ಟ್ರಾಂ, ಹಸಿರಿನಲ್ಲಿ 1.80. ಉಳಿದದ್ದೆಲ್ಲ ಬಹುಪಾಲು ಒಂದೇ. ಒಂದು ಬಂಧದ ಉದ್ದ ಮಾತ್ರ ಬೇರೆಯಾದ ಹೊಸ ಬಗೆಯ ಐಸೋಮರ್ ಎಂದು 1970ರ ದಶಕದಿಂದ ಚರ್ಚೆಯಾಯಿತು, ಸಿದ್ಧಾಂತಗಳೂ ಬಂದವು. 1990ರ ದಶಕದ ಶುರುವಿನಲ್ಲಿ ಗುಟ್ಟು ರಟ್ಟಾಯಿತು. ಹಸಿರು ಹರಳಿನಲ್ಲಿ ಆಕ್ಸಿಜನ್ ಜಾಗದಲ್ಲಿ ಕ್ಲೋರಿನ್ ಇರುವ ಹಳದಿ ಸಂಯುಕ್ತ ಸ್ವಲ್ಪ ಬೆರೆತಿತ್ತು. ಕ್ಲೋರಿನ್ ದೂರ ಜಾಸ್ತಿ, ಸರಾಸರಿಯಲ್ಲಿ ಬಂಧ ಉದ್ದವಾದಂತೆ ಕಂಡಿತು. ನೀಲಿ, ಹಳದಿ ಸೇರಿದರೆ ಹಸಿರು!

ಕಬ್ಬಿಣದ ಡೋಡೆಕಾಕಾರ್ಬೊನೈಲ್‌ನದು ಇನ್ನೊಂದು ತಾಪತ್ರಯ. ಹರಳಿನಲ್ಲಿ ಮೂರು ಕಬ್ಬಿಣದ ತ್ರಿಕೋನ ಎರಡು ದಿಕ್ಕಿನಲ್ಲಿ ಕೂರುತ್ತದೆ, ಹಾಗಾಗಿ ಎಕ್ಸ್-ರೇಯಲ್ಲಿ ಆರು ಅರ್ಧ ಕಬ್ಬಿಣದ ನಕ್ಷತ್ರ ಕಾಣುತ್ತದೆ. ಕಬ್ಬಿಣದ ಕೇಂದ್ರಗಳು ಗಾಮಾ ಕಿರಣ ಹೀರುವುದನ್ನು ನೋಡುವ ಮೋಸ್‌ಬೌವರ್ ರೋಹಿತದಲ್ಲಿ ಕಬ್ಬಿಣ 2ಕ್ಕೆ 1 ಪ್ರಮಾಣದಲ್ಲಿ ಎರಡು ಬಗೆ. ಮೂರೂ ಒಂದೇ ಥರ ಇರುವ ಚಿತ್ರಗಳು ಅಷ್ಟಕ್ಕೇ ಬಿದ್ದುಹೋಗುತ್ತವೆ.

ಎಕ್ಸ್-ರೇ ಫಲಿತಾಂಶವನ್ನು ಪರೀಕ್ಷಿಸಲು ಸುಲಭದ ಲೆಕ್ಕ ಒಂದಿದೆ, ಬಾಂಡ್ ವೇಲೆನ್ಸ್ ಮೊತ್ತ. ಬಂಧದ ದೂರವನ್ನು ಆ ಜೋಡಿಯ ನಿಗದಿತ ಸ್ಥಿರಾಂಕದಿಂದ ಕಳೆಯಿರಿ, 0.37ರಿಂದ ಭಾಗಿಸಿ, ಬಂದದ್ದರ ಎಕ್ಸ್‌ಪೊನೆನ್ಶಿಯಲ್ ತೆಗೆಯಿರಿ. ಒಂದು ಪರಮಾಣುವಿನ ಎಲ್ಲ ಬಂಧಗಳಿಗೂ ಹೀಗೆ ಬಂದದ್ದನ್ನು ಕೂಡಿದರೆ ಮೊತ್ತ ಅದರ ಆಕ್ಸಿಡೇಶನ್ ಸಂಖ್ಯೆಯ ಹತ್ತಿರ ಬರಬೇಕು. ಕಬ್ಬಿಣ ಪ್ಲಸ್ 3 ಮತ್ತು ಆಕ್ಸಿಜನ್‌ಗೆ ಸ್ಥಿರಾಂಕ 1.759. ಆರು ಆಕ್ಸಿಜನ್ 2.015 ದೂರದಲ್ಲಿದ್ದರೆ ಒಂದೊಂದಕ್ಕೂ 0.50, ಒಟ್ಟು 3.0. ಸರಿಹೋಯಿತು. ಅದೇ ಕಬ್ಬಿಣದ ಸುತ್ತ ಆರೂ ಬಂಧ 2.14 ಇದ್ದರೆ ಪ್ಲಸ್ 2ರ ಸ್ಥಿರಾಂಕ 1.734 ಹಾಕಿ ನೋಡಿ, ಮೊತ್ತ 2.0 ಬರುತ್ತದೆ. ಆಕ್ಸಿಜನ್‌ಗಳಿಗೂ ಇದೇ ಲೆಕ್ಕ ಮಾಡಿ. ಮೊತ್ತ 2ರ ಹತ್ತಿರ ಬಂದರೆ ಆಕ್ಸೈಡ್, 1ರ ಹತ್ತಿರ ಬಂದರೆ ಹೈಡ್ರಾಕ್ಸೈಡ್, ತೀರಾ ಕಮ್ಮಿ ಇದ್ದರೆ ನೀರು. ಎಕ್ಸ್-ರೇಗೆ ಕಾಣದ ಹೈಡ್ರೋಜನ್‌ನ ಸುಳಿವು ಹೀಗೆ ಕಾಗದದ ಮೇಲೇ ಸಿಗುತ್ತದೆ.

ಇನ್ನೊಂದು ಕೆಲಸ ಬಾಕಿ. ನೀವು ಸೂಕ್ಷ್ಮದರ್ಶಕದ ಕೆಳಗೆ ಆರಿಸಿದ್ದು ಒಂದೇ ಹರಳು, ಅದೂ ಎಲ್ಲಕ್ಕಿಂತ ಚೆಂದದ್ದು. ಎನ್‌ಎಂಆರ್, ಐಆರ್, ವಿಶ್ಲೇಷಣೆ ಎಲ್ಲ ಮಾಡಿದ್ದು ಫ್ಲಾಸ್ಕ್‌ನಲ್ಲಿದ್ದ ಪುಡಿಯ ಮೇಲೆ. ಎರಡೂ ಒಂದೇ ವಸ್ತು ಅಂತ ಯಾರು ಹೇಳಿದರು? ಹರಳಿನ ರಚನೆಯಿಂದ ಪುಡಿಯ ಎಕ್ಸ್-ರೇ ವಿನ್ಯಾಸವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿಸಿ, ನಿಜವಾದ ಪುಡಿಯ ವಿನ್ಯಾಸದ ಪಕ್ಕ ಇಟ್ಟು ನೋಡಿ. ಹರಳನ್ನು ತಣಿಸಿ ಅಳೆದಿದ್ದರೆ ಗೆರೆಗಳು ಕೊಂಚ ಜರುಗಿರುತ್ತವೆ, ಅದಕ್ಕೆ ಗಾಬರಿ ಬೇಡ. ಪುಡಿಯಲ್ಲಿ ಲೆಕ್ಕಕ್ಕೆ ಸಿಗದ ಗೆರೆ ಕಂಡರೆ ಅಲ್ಲಿ ಇನ್ನೊಂದು ವಸ್ತು ಇದೆ. ಆಗ ಅದೇ ಥರದ ಹರಳುಗಳನ್ನು ಕೈಯಿಂದ ಆರಿಸಿ, ಅವುಗಳದ್ದೇ ಐಆರ್ ಮತ್ತು ಎನ್‌ಎಂಆರ್ ಮತ್ತೆ ತೆಗೆಯಿರಿ.